ಕೊನೆಯ ತೇಪೆ ಯಾರದ್ದು

ದೋಣಿ ಕಂಪನಿಯ ಹೊಸ ಮೇಡಂ ಬೆಳಿಗ್ಗೆ ಬಂದವರೇ ವರ್ಕ್‌ಶಾಪಿನ ಗೋಡೆಗೆ ಒಂದು ಚೀಟಿ ಅಂಟಿಸಿ ಹೋದರು. ಇದ್ದದ್ದು ಒಂದೇ ಸಾಲು: ‘ದೋಣಿಗೆ ಕೊನೆಯ ತೇಪೆ ಹಾಕಿದವರು ಅದಾದ ನಂತರದ ಮೊದಲ ಸವಾರಿಯಲ್ಲಿ ಮುಂದಿನ ಸೀಟಿನಲ್ಲಿ ಕೂರತಕ್ಕದ್ದು.’

ತೇಪೆಯಣ್ಣ ಅದನ್ನು ಮೂರು ಸಲ ಓದಿದ. ಬಂಡೆಗಳ ನಡುವೆ ಭೋರ್ಗರೆಯುವ ಹೊಳೆಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವ ಗಾಳಿದೋಣಿಗಳನ್ನು ಇಪ್ಪತ್ತೆರಡು ವರ್ಷದಿಂದ ಕತ್ತರಿಸಿ, ಅಂಟಿಸಿ, ರಿಪೇರಿ ಮಾಡಿದವನು ಅವನು. ಒಂದರಲ್ಲೂ ಕೂತವನಲ್ಲ. ನೀರೆಂದರೆ ಅಷ್ಟು ಭಯ. ಸ್ನಾನ ಮಾಡುವಾಗಲೂ ಬಚ್ಚಲಿನ ಚಿಲಕ ಹಾಕುತ್ತಿರಲಿಲ್ಲ, ಹೆಚ್ಚುಕಮ್ಮಿಯಾದರೆ ಯಾರಾದರೂ ಬಂದು ಎತ್ತಲಿ ಅಂತ. ಹೆಂಡತಿ ಅದನ್ನು ಮರೆವು ಅಂದುಕೊಂಡಿದ್ದಳು.

ನಿನ್ನೆ ಅವನೇ ತೇಪೆ ಹಾಕಿದ ನೀಲಿ ದೋಣಿ ಅಂಗಳದಲ್ಲಿ ಉಬ್ಬಿಕೊಂಡು ಕೂತಿತ್ತು. ನಾಲ್ಕು ಗಂಟೆಗೆ ಅದರ ಸವಾರಿ. ಅಷ್ಟರೊಳಗೆ ಗಾಳಿ ಇಳಿದರೆ ಮಾತ್ರ ರದ್ದು.

ತೇಪೆಯಣ್ಣ ಆಚೀಚೆ ನೋಡಿ ವಾಲ್ವನ್ನು ಅರ್ಧ ಸುತ್ತು ಸಡಿಲ ಮಾಡಿ ಒಳಗೆ ಹೋದ. ಐದು ನಿಮಿಷವಾಗಿಲ್ಲ, ಪಕ್ಕದ ಅಂಗಡಿಯ ಟೈಲರ್ ಬಾಗಿಲಲ್ಲಿ ಹಾಜರ್. ತನ್ನ ಮಿಷನ್ನಿಗಿಂತ ಬೇರೆಯವರ ಕೆಲಸದ ಮೇಲೇ ಇವನಿಗೆ ಕಣ್ಣು.

“ಉಸ್ ಅಂತಿತ್ತು ತೇಪೆಯಣ್ಣ, ನಂಗೆ ಅಲ್ಲೀವರೆಗೂ ಕೇಳಿಸ್ತು. ಟೈಟ್ ಮಾಡಿದೀನಿ. ಸ್ವಲ್ಪ ನೋಡ್ಕೊಂಡು ಕೆಲಸ ಮಾಡಪ್ಪ.”

“ದೊಡ್ಡ ಉಪಕಾರ ಆಯ್ತು,” ಅಂದ ತೇಪೆಯಣ್ಣ, ಹಲ್ಲು ಕಚ್ಚಿಕೊಂಡು. “ಹಾಗೇ ಒಂದು ಸೂಜಿ ಕೊಡು, ಅಂಗಿ ಗುಂಡಿ ಬಿದ್ದಿದೆ.”

ಗುಂಡಿಯೇನೂ ಬಿದ್ದಿರಲಿಲ್ಲ. ಸೂಜಿ ಸಿಕ್ಕಿದ್ದೇ ತಡ, ದೋಣಿಯ ಮೇಲೊಂದು ತೂತು ಚುಚ್ಚಿದ. ಒಂದು ಸಾಲದಿದ್ದರೆ ಅಂತ ತಳದಲ್ಲಿ ಇನ್ನೊಂದು. ಪಾಪ, ತನ್ನ ಕೆಲಸವನ್ನು ತಾನೇ ಕೆಡಿಸುವುದು ಸುಲಭವಲ್ಲ. ಆಮೇಲೆ ನಿರುಮ್ಮಳವಾಗಿ ಊಟಕ್ಕೆ ಹೋದ.

ಬಂದು ನೋಡಿದರೆ ಟೈಲರ್ ಸೋಪಿನ ನೀರಿನ ಬಕೆಟ್ ಇಟ್ಟುಕೊಂಡು ದೋಣಿಯ ಪಕ್ಕ ಕೂತಿದ್ದಾನೆ.

“ಸೂಜಿ ವಾಪಸ್ ಕೇಳೋಕೆ ಬಂದೆ. ದೋಣಿ ಯಾಕೋ ಮೆತ್ತಗಿದೆ ಅನ್ನಿಸ್ತು. ಸೋಪ್ ನೀರು ಹಚ್ಚಿದ್ರೆ ಮೇಲ್ಗಡೆ ಗುಳ್ಳೆ ಬಂತು. ನಾನೇ ತೇಪೆ ಹಾಕಿ ಪಂಪ್ ಹೊಡೆದಿದೀನಿ. ಹತ್ತು ವರ್ಷದಿಂದ ನಿನ್ನ ಕೆಲಸ ನೋಡ್ತಿದೀನಲ್ಲ, ಅಷ್ಟೂ ಬರಲ್ವಾ?”

ತೇಪೆ ಕಣ್ಣಿಗೆ ಒತ್ತಿಕೊಳ್ಳುವಷ್ಟು ಚೆನ್ನಾಗಿತ್ತು. ತೇಪೆಯಣ್ಣ ಸೂಜಿ ವಾಪಸ್ ಕೊಟ್ಟ.

ಮೂರೂವರೆಗೆ ಮೇಡಂ ಬಂದರು. ಗಾಳಿ ನೋಡಿ ತಲೆಯಾಡಿಸಿದರು. “ಕೊನೆಯ ತೇಪೆ ಯಾರದ್ದು?”

“ನಂದೇ ಮೇಡಂ,” ಅಂದ ಟೈಲರ್, ಎದೆಯುಬ್ಬಿಸಿ.

“ಹಾಗಾದ್ರೆ ನೀವೇ ಮುಂದೆ ಕೂರಿ.”

ತೇಪೆಯಣ್ಣನಿಗೆ ಹೋದ ಜೀವ ಬಂತು. ಜನ್ಮದಲ್ಲಿ ಮೊದಲ ಸಲ ಟೈಲರ್ ಮೇಲೆ ಅವನಿಗೆ ಪ್ರೀತಿ ಉಕ್ಕಿತು. ದೋಣಿಯನ್ನು ಹೊಳೆಯ ದಡಕ್ಕೆ ಹೊರುವಾಗ ಎಲ್ಲರಿಗಿಂತ ಮುಂದೆ ಹೆಗಲು ಕೊಟ್ಟವನು ಅವನೇ. ತಳದ ತೂತು ನೆನಪಿಗೂ ಬರಲಿಲ್ಲ.

ದಡದಲ್ಲಿ ಹೆಂಡತಿ ಲೈಫ್ ಜಾಕೆಟ್ ಹಾಕಿಕೊಂಡು ನಿಂತಿದ್ದಳು.

“ನೀನೆಲ್ಲಿಗೆ?”

“ಮೇಡಂ ಒಂದು ಸೀಟು ಖಾಲಿ ಇದೆ ಅಂದ್ರು. ಇಪ್ಪತ್ತೆರಡು ವರ್ಷ ನಿಮ್ಮ ಅಂಟಿನ ವಾಸನೆ ಕುಡಿದಿದೀನಿ, ಒಂದ್ಸಲ ದೋಣೀಲಿ ಕೂರೋದು ಬೇಡ್ವಾ?” ಅನ್ನುತ್ತ ಹತ್ತಿ ಕೂತೇಬಿಟ್ಟಳು.

ತೇಪೆಯಣ್ಣನಿಗೆ ಆಗ ತಳದ ತೂತು ನೆನಪಾಯಿತು.

“ಇಳಿ. ಎಲ್ಲರೂ ಇಳೀರಿ. ತಳದಲ್ಲಿ ಒಂದು ತೂತಿದೆ.”

“ನಿಮಗೆ ಹೇಗೆ ಗೊತ್ತು?” ಅಂದರು ಮೇಡಂ.

“ಹೊರುವಾಗ... ಕೈಗೆ ಗೊತ್ತಾಯ್ತು,” ಅಂದ.

ದೋಣಿ ಮಗುಚಿದರು. ಅವನು ಬೆರಳಿಟ್ಟ ಕಡೆ ನೀರು ಸವರಿದರೆ ಸಾಸಿವೆಯಷ್ಟು ಗುಳ್ಳೆ ಬಂತು. ಟೈಲರ್ ಬಾಯಿ ತೆರೆದು ನಿಂತ. ಹೆಂಡತಿ ಗಂಡನನ್ನು ಹೊಸದಾಗಿ ನೋಡಿದಳು. ತೇಪೆಯಣ್ಣ ಬೇಗ ಹಿಡಿಯುವ ಅಂಟು ತರಿಸಿ, ತೇಪೆ ಹಾಕಿ, ರೋಲರ್ ಉಜ್ಜಿ, ಉದ್ದಕ್ಕೆ ಉಸಿರುಬಿಟ್ಟ. ಹೆಂಡತಿ ಉಳಿದಳು, ಮಾನವೂ ಉಳಿಯಿತು. ಇನ್ನೇನು ಬೇಕು?

“ಇಂಥ ಕೈಯನ್ನ ಇಷ್ಟು ವರ್ಷ ವರ್ಕ್‌ಶಾಪಲ್ಲಿ ಕೂರಿಸಿದ್ದೇ ತಪ್ಪು,” ಅಂದರು ಮೇಡಂ. “ಇನ್ಮೇಲೆ ಎಲ್ಲಾ ದೋಣೀಲೂ ನೀವಿರಬೇಕು. ಇವತ್ತಂತೂ ಕೇಳೋದೇ ಬೇಡ. ಕೊನೆಯ ತೇಪೆ ನಿಮ್ಮದೇ ಅಲ್ವಾ?”

ಟೈಲರ್ ಬೇಸರದಿಂದ ತನ್ನ ಲೈಫ್ ಜಾಕೆಟ್ ಬಿಚ್ಚಿದ. ಹೆಂಡತಿ ಅದನ್ನು ಗಂಡನಿಗೆ ತೊಡಿಸಿ, ಬಕಲ್ ಹಾಕಿ, ಕೈ ಹಿಡಿದು ಮುಂದಿನ ಸೀಟಿಗೆ ಕರೆದುಕೊಂಡು ಹೋದಳು.