ಹೇಳಿದ ಮಾತು ಕೇಳುವ ಬ್ಯಾಟು

ನಾನು ಯಾವುದನ್ನಾದರೂ ಗಂಭೀರವಾಗಿ ಕಲಿಯಲು ಹೊರಟಾಗಲೆಲ್ಲ ಊರಿನವರಿಗೆ ನಗಲು ಏನಾದರೊಂದು ಸಿಕ್ಕೇ ಸಿಗುತ್ತದೆ. ಈಜು ಕಲಿಯುವಾಗ ಸಿಕ್ಕಿತ್ತು. ಕಾರು ಕಲಿಯುವಾಗ ಧಾರಾಳವಾಗಿ ಸಿಕ್ಕಿತ್ತು. ಟೆನಿಸ್ ವಿಷಯದಲ್ಲಂತೂ ಎರಡು ತಾಲೂಕು ಕೂಡಿಯೇ ನಕ್ಕಿವೆ.

ನಾನು ದನದ ಡಾಕ್ಟರು. ಹೆಂಗಸು, ಐವತ್ತರ ಹತ್ತಿರ ಬಂದವಳು. ಕೆಲಸ ಜೋಯಿಡಾ ಕಡೆ, ಮನೆ ದಾಂಡೇಲಿಯಲ್ಲಿ. ಇಪ್ಪತ್ತು ವರ್ಷದಿಂದ ಎಮ್ಮೆಗಳ ಹೊಟ್ಟೆಯೊಳಗೆ ಕೈ ಹಾಕಿ ಕರು ಎಳೆದು ಎಳೆದು ನನ್ನ ಬಲಗೈ ಮಿಕ್ಕ ಮೈಗಿಂತ ಬೇರೆಯದೇ ಒಂದು ಪ್ರಾಣಿಯ ಹಾಗೆ ಬೆಳೆದಿದೆ. ಮುಂದೆ ಆದದ್ದಕ್ಕೆಲ್ಲ ಆ ಕೈಯೇ ಕಾರಣ.

೧. ಕಾಳಿ ನದಿಗೆ ಹೋದ ಚೆಂಡುಗಳು

ನಮ್ಮ ಕ್ಲಬ್ಬಿನ ಟೆನಿಸ್ ಕೋರ್ಟು ಕೆಂಪು ಮಣ್ಣಿನದು. ತಂತಿ ಬೇಲಿಯ ಆಚೆ ಇಳಿಜಾರು, ಇಳಿಜಾರಿನ ಕೆಳಗೆ ಕಾಳಿ ನದಿ. ನದಿಯಲ್ಲಿ ಮೊಸಳೆ. ಮೊದಲು ನನ್ನ ಹತ್ತಿರ ಇದ್ದದ್ದು ಅಗಲ ಮುಖದ, ಹಗುರಾದ ಬ್ಯಾಟು. ಮುಟ್ಟಿದರೆ ಸಾಕು, ಚೆಂಡು ಹಾರುತ್ತಿತ್ತು. ಬೇರೆಯವರ ಕೈಯಲ್ಲಿ ಅದು ಒಳ್ಳೆಯ ಗುಣ. ನನ್ನ ಕೈಯಲ್ಲಿ ಚೆಂಡು ಬೇಲಿ ದಾಟಿ, ಇಳಿಜಾರು ದಾಟಿ, ನೀರಿಗೇ ಬೀಳುತ್ತಿತ್ತು.

ಡಬಲ್ಸಿನಲ್ಲಿ ನನ್ನ ಜೋಡಿ ರೇಂಜರ್ ಸಾಹೇಬರು. ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಬಿಳಿ ಮೀಸೆ, ಬಿಳಿ ಚಡ್ಡಿ, ಎರಡಕ್ಕೂ ಇಸ್ತ್ರಿ. ಒಂದು ಸಂಜೆ ಅವರು ಹೊಸ ಡಬ್ಬಿ ಒಡೆದು ಮೂರು ಚೆಂಡು ತೆಗೆದರು. ಕಾಲು ತಾಸಿನಲ್ಲಿ ಮೂರೂ ನದಿಗೆ ಹೋದವು. ಸಾಹೇಬರು ಬೇಲಿಯ ಹತ್ತಿರ ಹೋಗಿ ನಿಂತು ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು.

“ಡಾಕ್ಟರಬಾಯಾರ, ಹಳಿಯಾಳದವರ ಜೋಡಿ ಮ್ಯಾಚ್ ಹತ್ರ ಬಂತು. ಮೂರು ವರ್ಷ ಸತತ ಸೋತೇವಿ. ಈ ಸರತಿ ನೀವು ಚೆಂಡು ಕೋರ್ಟಿನ್ಯಾಗ ಇಡಾಕ ಕಲೀಲಿಲ್ಲಂದ್ರ ನಾ ಬ್ಯಾರೆ ಜೋಡಿ ಹುಡುಕ್ತೇನಿ.”

“ಪ್ರಯತ್ನ ಮಾಡಾಕತ್ತೇನಲ್ರಿ ಸಾಹೇಬ್ರ.”

“ನೀವಷ್ಟ ಅಲ್ರಿ,” ಅಂದರು ಸಾಹೇಬರು, ಇನ್ನೂ ಕೆಳಗೇ ನೋಡುತ್ತ. “ಆ ದೊಡ್ಡ ಮೊಸಳೀನೂ ಪ್ರಯತ್ನ ಮಾಡಾಕತ್ತೈತಿ. ನಿಮಗಿಂತ ಚಲೋ ಹಿಡಿತೈತಿ ನೋಡ್ರಿ.”

೨. ಸಹಾಯ ಮಾಡದ ಸಾಮಾನು

ಮರು ಭಾನುವಾರ ಗಂಡನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ನನ್ನ ಗಂಡ ಕಾಲೇಜಿನಲ್ಲಿ ಗಣಿತ ಮಾಸ್ತರು. ಲೆಕ್ಕ ಬಿಟ್ಟು ಉಳಿದೆಲ್ಲದರ ಬಗ್ಗೆಯೂ ಮಾತಾಡುವ ಮನುಷ್ಯ. ಆಟದ ಸಾಮಾನಿನ ಅಂಗಡಿಯವನಿಗೆ ನನ್ನ ಕಷ್ಟ ಹೇಳಿದೆ. ಮೊಸಳೆಯ ವಿಷಯ ಹೇಳಲಿಲ್ಲ.

ಅವನು ನನ್ನ ಬಲಗೈ ನೋಡಿದ. ಒಳಗೆ ಹೋಗಿ ಒಂದು ಬ್ಯಾಟು ತಂದ. ಸಣ್ಣ ಮುಖ, ತೆಳ್ಳನೆ ಅಂಚು, ಒತ್ತೊತ್ತಾಗಿ ಹೆಣೆದ ತಂತಿ. ಎತ್ತಿ ನೋಡಿದರೆ ಒಳ್ಳೇ ಭಾರ.

“ಇದು ಕಂಟ್ರೋಲ್ ರಾಕೆಟ್ ರೀ ಮೇಡಂ. ಇದು ನಿಮಗ ಏನೂ ಸಹಾಯ ಮಾಡೂದಿಲ್ಲ.”

“ಮತ್ತ ಯಾಕ ತೊಗೋಬೇಕು?”

“ಬ್ಯಾರೆ ಬ್ಯಾಟು ತಾವಾಗೇ ಚೆಂಡು ಹಾರಸ್ತಾವು. ಇದು ಹಾರಸೂದಿಲ್ಲ. ನೀವು ಎಷ್ಟು ಜೋರು ಬೀಸ್ತೀರಿ, ಅಷ್ಟ. ಯಾವ ದಿಕ್ಕಿಗೆ ತಿರಗಸ್ತೀರಿ, ಆ ದಿಕ್ಕಿಗೇ. ತನ್ನ ಸ್ವಂತ ಬುದ್ಧಿ ಒಂದಿಷ್ಟೂ ತೋರ್ಸೂದಿಲ್ರಿ. ಆದ್ರ ಚೆಂಡು ನಡುವಿಗೇ ಬಡೀಬೇಕು. ಅಂಚಿಗೆ ಬಡದ್ರ ಕೈ ಜುಮ್ಮಂತೈತಿ. ತಪ್ಪು ಮಾಡಿದ್ರ ಇದು ಮುಚ್ಚಿಡೂದಿಲ್ಲ.”

ನನ್ನ ಗಂಡ ಅದನ್ನು ಕೈಗೆ ತೆಗೆದುಕೊಂಡು ಬಹಳ ಗೌರವದಿಂದ ತಿರುವಿ ನೋಡಿದರು.

“ಅಂದ್ರ ಹೇಳಿದ್ದಷ್ಟ ಮಾಡ್ತೈತಿ, ಎದುರು ಮಾತಾಡೂದಿಲ್ಲ, ಏನು ಕೆಟ್ಟರೂ ತಪ್ಪು ನಿನ್ನದ ಅಂತೈತಿ,” ಅಂದರು. “ಮೊದಲ ಎರಡು ಕೆಲಸಕ್ಕ ನಾ ಇದ್ದೆ. ಮೂರನೇದಕ್ಕ ನನಗ ಧೈರ್ಯ ಇರಲಿಲ್ಲ. ತೊಗೋ.”

೩. ಎತ್ತಿನ ಮುಲಾಮು

ಹೊಸ ಬ್ಯಾಟಿನ ಮೊದಲ ವಾರ ಒಂದೇ ಒಂದು ಚೆಂಡೂ ನದಿಗೆ ಹೋಗಲಿಲ್ಲ. ಹೋಗುವುದು ಹೇಗೆ? ನೆಟ್ಟನ್ನೇ ದಾಟಲಿಲ್ಲವಲ್ಲ. ಹಳೆಯ ಬ್ಯಾಟಿಗೆ ಹೆದರಿ ಹೆದರಿ ನನಗೆ ಅರ್ಧ ಬೀಸುವ ಚಾಳಿ ಬಿದ್ದಿತ್ತು. ಈ ಬ್ಯಾಟು ಅರ್ಧ ಬೀಸಿದರೆ ಅರ್ಧ ದಾರಿಗೇ ಬಿಟ್ಟುಬಿಡುತ್ತಿತ್ತು. ಅಂಗಡಿಯವನು ಹೇಳಿದ ಜುಮ್ಮೂ ಸುಳ್ಳಲ್ಲ. ಅಂಚಿಗೆ ಬಡಿದಾಗಲೆಲ್ಲ ಮೊಣಕೈಯಿಂದ ಹಲ್ಲಿನ ತನಕ ಸುದ್ದಿ ಮುಟ್ಟುತ್ತಿತ್ತು.

ನಾಲ್ಕನೆಯ ಸಂಜೆ ಮನೆಗೆ ಬಂದು ಕೈ ಎತ್ತಲಾಗದೆ, ನನ್ನ ಚೀಲದಲ್ಲಿದ್ದ ಮುಲಾಮು ಹಚ್ಚಿಕೊಂಡು ಕುಳಿತೆ. ಅದು ಎತ್ತಿನ ಹೆಗಲು ಬಾತಾಗ ಹಚ್ಚುವ ಮುಲಾಮು. ಡಾಕ್ಟರೇ ಹೀಗೆ ಮಾಡಬಾರದು, ಗೊತ್ತು. ಅದರ ವಾಸನೆ ಓಣಿಯ ಆ ತುದಿಗೂ ಹೋಗುತ್ತದೆ. ಗಂಡ ಕಾಲೇಜಿನಿಂದ ಬಂದವರು ಬಾಗಿಲಲ್ಲೇ ನಿಂತರು.

“ಯಾರಿಗೆ ಹಚ್ಚೀ?”

“ನನಗ.”

“ಎಷ್ಟು ಹಚ್ಚೀ? ಕರುವಿಂದೋ, ಎತ್ತಿಂದೋ?”

“ಎತ್ತಿಂದು.”

ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದು ನೋಡಿದರು. ಲೆಕ್ಕದ ಮಾಸ್ತರಲ್ಲವೇ.

“ಬರೋಬ್ಬರಿ ಐತಿ,” ಅಂದು ಒಳಗೆ ಹೋದರು.

೪. ಕುಂಬಾರವಾಡದ ಕೋಚು

ಕೆಲಸ ಮುಗಿಸಿ ನೇರ ಕ್ಲಬ್ಬಿಗೆ ಹೋಗಲು ಅನುಕೂಲವೆಂದು ಬ್ಯಾಟನ್ನು ಜೀಪಿನಲ್ಲೇ ಇಡುತ್ತಿದ್ದೆ. ಒಂದು ಮುಂಜಾನೆ ಕುಂಬಾರವಾಡದಿಂದ ಕರೆ ಬಂತು: ಎಮ್ಮೆಯ ಕಾಲಿಗೆ ಗಾಯ. ಹೋಗಿ ಜೀಪಿನ ಹಿಂದಿನ ಬಾಗಿಲು ತೆಗೆದರೆ ಔಷಧದ ಪೆಟ್ಟಿಗೆಗಿಂತ ಮೊದಲು ಬ್ಯಾಟೇ ಕೆಳಗೆ ಬಿತ್ತು. ಎಮ್ಮೆಯ ಒಡತಿ ಎಪ್ಪತ್ತು ದಾಟಿದ ಅಜ್ಜಿ. ಮನೆಮಾತು ಕೊಂಕಣಿ, ನನ್ನ ಸಲುವಾಗಿ ಕನ್ನಡ.

ಬ್ಯಾಟನ್ನು ಎತ್ತಿಕೊಂಡು ಅಜ್ಜಿ ಹಿಡಿಕೆಯ ಸುತ್ತ ಏನನ್ನೋ ಹುಡುಕತೊಡಗಿದಳು.

“ಬಟನ್ ಎಲ್ಲಿ ಐತಿ ಡಾಕ್ಟರಬಾಯಿ?”

“ಬಟನ್ ಇಲ್ಲಜ್ಜಿ, ಇದು…”

“ಚಾರ್ಜ್ ಬ್ಯಾಡ?”

“ಬ್ಯಾಡ. ಆದ್ರ ಇದು ಸೊಳ್ಳಿ ಬ್ಯಾಟಲ್ಲ.”

“ಚಾರ್ಜೂ ಬ್ಯಾಡ!” ಅಜ್ಜಿ ನನ್ನ ಮಾತಿನ ಉಳಿದರ್ಧ ಕೇಳಲೇ ಇಲ್ಲ. “ನನ್ನ ಸೊಸಿ ತಂದ ಬ್ಯಾಟು ಕರೆಂಟ್ ಹೋದ್ರ ಸತ್ತಂಗ. ಇಲ್ಲಿ ಕರೆಂಟ್ ಬರೂದ ಯಾವಾಗ?”

ಅಷ್ಟರಲ್ಲಿ ಎಮ್ಮೆಯ ಬೆನ್ನಿನ ಮೇಲೆ ದೊಡ್ಡ ದೊಡ್ಡ ದನದ ನೊಣ ಕೂತಿದ್ದವು. ನಾನು ಗಾಯ ತೊಳೆಯಲು ಕುಳಿತೆ. ಅಜ್ಜಿ ನನ್ನ ಬ್ಯಾಟು ಬೀಸಲು ನಿಂತಳು. ತಲೆ ಎತ್ತಿ ನೋಡಿದವಳು ಕೈಯಲ್ಲಿ ಹತ್ತಿ ಹಿಡಿದುಕೊಂಡು ಹಾಗೇ ಉಳಿದೆ. ಅಜ್ಜಿ ಹೆಗಲಿನಿಂದ ಪೂರ್ತಿ ಕೈ ಬೀಸುತ್ತಿದ್ದಳು. ಬ್ಯಾಟು ಎಮ್ಮೆಯ ಬೆನ್ನಿಗೆ ತಾಗಿತೋ ಇಲ್ಲವೋ ಅನ್ನುವಂತೆ ಸವರಿಕೊಂಡು ಹೋಗುತ್ತಿತ್ತು. ನೊಣ ಕೆಳಗೆ ಬೀಳುತ್ತಿತ್ತು. ಎಮ್ಮೆ ಮೆಲುಕು ಕೂಡ ನಿಲ್ಲಿಸಲಿಲ್ಲ. ಎಂಟು ಬೀಸಿಗೆ ಆರು ನೊಣ.

“ಅಜ್ಜಿ, ಎಮ್ಮಿಗೆ ಪೆಟ್ಟು ಬೀಳವಲ್ದಲ್ಲ, ಹೆಂಗ?”

“ಎಮ್ಮಿ ಯಾಕ ನೋಡ್ಬೇಕು? ನೊಣ ನೋಡ್ಬೇಕು. ಬಡಿಯೂ ತನಕ ಅದನ್ನ ನೋಡ್ಬೇಕು. ಹೆದರಿ ನಡುವ ಕೈ ಹಿಡದಿ ಅಂದ್ರ ಎಮ್ಮಿಗೇ ಬೀಳ್ತದ.”

ನಾನು ಅಲ್ಲಿಯ ತನಕ ಚೆಂಡೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡುತ್ತಿದ್ದೆ: ನೆಟ್ಟು, ಬೇಲಿ, ಸಾಹೇಬರ ಮೀಸೆ. ಅವತ್ತು ಸಂಜೆ ಚೆಂಡನ್ನು ಬ್ಯಾಟಿಗೆ ಬಡಿಯುವ ತನಕ ನೋಡಿದೆ, ಹೆದರದೆ ಪೂರ್ತಿ ಬೀಸಿದೆ. ಚೆಂಡು ನೆಟ್ಟು ದಾಟಿ ಗೆರೆಯ ಒಳಗೆ ಬಿತ್ತು. ಮತ್ತೊಂದು. ಮತ್ತೂ ಒಂದು. ಕೈಗೆ ಜುಮ್ಮೂ ಇಲ್ಲ, ಬೆಣ್ಣೆ ಕತ್ತರಿಸಿದ ಹಾಗೆ.

ಸಾಹೇಬರು ಆಟ ನಿಲ್ಲಿಸಿ ಓಡಿಬಂದರು. “ಯಾರು ಕಲಿಸಿದ್ರು? ಬೆಳಗಾವಿ ಕೋಚ್ ಏನು?”

“ಇಲ್ರಿ, ಕುಂಬಾರವಾಡದವರು.”

“ಹೌದಾ! ಅವರು ಯಾರ ಯಾರ ಜೋಡಿ ಆಡ್ಯಾರ?”

“ಸದ್ಯ ಒಂದು ಎಮ್ಮಿ ಜೋಡಿ,” ಅಂದೆ.

೫. ಮ್ಯಾನೇಜರರ ಹಳದಿ ಅಂಗಿ

ಹೇಳಿದಲ್ಲಿಗೆ ಚೆಂಡು ಹೋಗುವುದರಲ್ಲಿಯೂ ಒಂದು ತೊಂದರೆ ಇದೆ ಎಂದು ಆಮೇಲೆ ತಿಳಿಯಿತು. ಕ್ಲಬ್ಬಿನಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರರು ಆಡುತ್ತಾರೆ. ಸಂಭಾವಿತರು, ಹೊಟ್ಟೆ ಸ್ವಲ್ಪ ಮುಂದೆ. ಒಂದು ಸಂಜೆ ಹಳದಿ ಅಂಗಿ ತೊಟ್ಟು ನೆಟ್ಟಿನ ಹತ್ತಿರ ನಿಂತಿದ್ದರು. ಸಾಹೇಬರು ನನ್ನ ಕಿವಿಯಲ್ಲಿ, “ಮ್ಯಾನೇಜರ್ ಕಡೆ ಒಟ್ಟ ನೋಡಬ್ಯಾಡ್ರಿ, ಎಡಕ್ಕ ಜಾಗ ಐತಿ,” ಅಂದರು. ನೋಡಬೇಡ ಅಂದಮೇಲೆ ಕಣ್ಣು ಇನ್ನೆಲ್ಲಿಗೆ ಹೋಗುತ್ತದೆ? ಮೊದಲ ಚೆಂಡು ಹೊಕ್ಕುಳಿಗೆ. ಕೈ ಮುಗಿದು ಕ್ಷಮೆ ಕೇಳಿದೆ. ಎರಡನೆಯದೂ ಹೊಕ್ಕುಳಿಗೆ. ಮೂರನೆಯದು ಎರಡನೆಯದರ ಗುರುತಿನ ಮೇಲೆಯೇ ಬಿತ್ತು. ಅಂಗಿಯ ಮೇಲೆ ಒಂದೇ ಒಂದು ಕೆಂಪು ಚಂದ್ರ.

ನಾನು ನೆಟ್ಟಿನ ತನಕ ಓಡಿದೆ. “ಸರ್, ಬೇಕಂತ ಮಾಡಿದ್ದಲ್ರಿ.”

ಮ್ಯಾನೇಜರರು ಹೊಟ್ಟೆ ಸವರಿಕೊಳ್ಳುತ್ತ ಸಮಾಧಾನದಿಂದಲೇ ಹೇಳಿದರು: “ಇರಲಿ ಮೇಡಂ. ಮೊದಲಾದ್ರ ನೀವು ಹೊಡದ್ರ ಯಾರಿಗೆ ಬೀಳ್ತೈತಿ ಗೊತ್ತಾಗ್ತಿರಲಿಲ್ಲ, ಹದಿನೈದು ಮಂದಿ ಓಡ್ತಿದ್ವಿ. ಈಗ ಉಳಿದವರೆಲ್ಲ ಆರಾಮ ಚಾ ಕುಡ್ಯಾಕತ್ತಾರ ನೋಡ್ರಿ.”

೬. ಹಳಿಯಾಳದ ಹಲಸಿನ ಎಲೆ

ಮ್ಯಾಚಿಗೆ ಸಾಹೇಬರು ನನ್ನನ್ನೇ ಉಳಿಸಿಕೊಂಡರು. ಕೋರ್ಟು ಹಳಿಯಾಳದ್ದು, ಪಕ್ಕದಲ್ಲಿ ದೊಡ್ಡ ಹಲಸಿನ ಮರ. ಎದುರಾಳಿಗಳು ಒಬ್ಬ ವಕೀಲರು, ಒಬ್ಬ ಹಲ್ಲಿನ ಡಾಕ್ಟರು. ಅಂಪೈರ್ ಆಗಿ ಎತ್ತರದ ಕುರ್ಚಿಯಲ್ಲಿ ಕುಳಿತವರು ನಿವೃತ್ತ ಹೆಡ್‌ಮಾಸ್ತರರು. ಹಳಿಯಾಳದ ಆಚೆ ಇರುವ ಸಿದ್ದಿ ಜನರ ಕೇರಿಯವರು, ಅರ್ಧ ತಾಲೂಕಿಗೆ ಕನ್ನಡ ವ್ಯಾಕರಣ ಕಲಿಸಿದವರು. ವಕೀಲರೂ ಅವರ ಶಿಷ್ಯರೇ. ಏನಾದರೂ ತಕರಾರು ಮಾಡಬೇಕಾದರೆ ವಕೀಲರು ಈಗಲೂ ಮೊದಲು ಕೈ ಎತ್ತುತ್ತಿದ್ದರು.

ಆಟ ಸರಿಸಮ ನಡೆಯಿತು. ನಾನು ಬ್ಯಾಟನ್ನು ನಂಬಿ ಬೀಸಿದೆ, ಬ್ಯಾಟು ನನ್ನ ಮಾತು ಕೇಳಿತು. ಕೊನೆಗೆ ಒಂದು ಪಾಯಿಂಟು ಬಂದರೆ ಗೆಲುವು ನಮ್ಮದು ಅನ್ನುವಲ್ಲಿಗೆ ಬಂದು ನಿಂತೆವು. ಸಾಹೇಬರ ಮೀಸೆ ನಡುಗುತ್ತಿತ್ತು.

ಚೆಂಡು ನನ್ನ ಕಡೆ ಬಂತು. ವಕೀಲರು ನಡುವೆ ಸರಿದಿದ್ದರು, ಅವರ ಹಿಂದಿನ ಮೂಲೆ ಖಾಲಿ. ಪೂರ್ತಿ ಬೀಸಿದೆ. ಚೆಂಡು ವಕೀಲರ ಕಿವಿಯ ಪಕ್ಕದಿಂದ ಹಾದು ಮೂಲೆಗೆ ಬಿತ್ತು, ಮಣ್ಣು ಹಾರಿತು. ನಾನು ಎರಡೂ ಕೈ ಮೇಲೆತ್ತಿದೆ. ಸಾಹೇಬರು ನೆಟ್ಟಿನ ಕಂಬವನ್ನೇ ತಬ್ಬಿಕೊಂಡರು.

ವಕೀಲರು ಒಂದೇ ಕೈ ಎತ್ತಿದರು. “ಸರ್, ಔಟ್.”

ಹೆಡ್‌ಮಾಸ್ತರರು ಚಷ್ಮಾ ಒರೆಸುತ್ತಿದ್ದರು. “ನಾನು ನೋಡಲಿಲ್ಲ,” ಅಂದರು ಪ್ರಾಮಾಣಿಕವಾಗಿ. “ಉಭಯ ಪಕ್ಷದವರೂ ಮಾತಾಡಬಹುದು. ಪೂರ್ಣ ವಾಕ್ಯದಲ್ಲಿ.”

ವಕೀಲರು ನನ್ನ ಹತ್ತಿರ ಬಂದರು. “ಡಾಕ್ಟರ್ ಮೇಡಂ, ನೀವಿದ್ದದ್ದು ಆ ತುದಿಗೆ. ಇಷ್ಟು ದೂರದಿಂದ ಚೆಂಡು ಒಳಗ ಬಿದ್ದದ್ದು ಹೆಂಗ ಕಾಣಿಸ್ತು?”

“ಕಾಣೂದು ಯಾಕ ಬೇಕ್ರಿ? ಈ ಬ್ಯಾಟ್ ಅಂಥಾದ್ದು. ನಾ ಗುರಿ ಇಟ್ಟಲ್ಲೇ ಬೀಳ್ತೈತಿ. ಒಂದು ಬೆರಳು ಆಕಡೆ ಈಕಡೆ ಆಗೂದಿಲ್ಲ.”

“ಒಂದು ಬೆರಳೂ?”

“ಒಂದು ಬೆರಳೂ. ದಾಂಡೇಲಿಗೆ ಬಂದು ಯಾರನ್ನ ಬೇಕಾದ್ರೂ ಕೇಳ್ರಿ.”

“ಈಗ ಗುರಿ ಎಲ್ಲಿ ಇಟ್ಟಿದ್ರಿ?”

ನಾನು ಎದೆ ಉಬ್ಬಿಸಿ ಹೇಳಿದೆ: “ಆ ಮೂಲ್ಯಾಗ ಒಂದು ಹಲಸಿನ ಎಲಿ ಬಿದ್ದಿತ್ತಲ್ಲ, ಅದಕ್ಕ.”

ನನ್ನ ಹಿಂದೆ ಸಾಹೇಬರು “ಅಯ್ಯೋ” ಅಂದದ್ದು ಕೇಳಿಸಿತು.

ಎಲ್ಲರೂ ಮೂಲೆಗೆ ನಡೆದೆವು. ಹಲಸಿನ ಒಣ ಎಲೆ ಅಲ್ಲೇ ಇತ್ತು. ಗೆರೆಯಿಂದ ಒಂದು ಗೇಣು ಹೊರಗೆ. ಎದುರಿನ ತುದಿಯಿಂದ ನೋಡಿದಾಗ ಅದು ಗೆರೆಯ ಮೇಲೆಯೇ ಇದ್ದಂತೆ ಕಂಡಿತ್ತು. ಆದರೂ ನಮಗೆ ಒಂದು ಆಸೆ ಉಳಿದಿತ್ತು. ಗೆರೆಯ ಮೇಲೂ ಒಂದು ಚೆಂಡಿನ ಗುರುತಿತ್ತು, ಎಲೆಯ ಮೇಲೂ ಒಂದಿತ್ತು. ಈಗ ಬಿದ್ದದ್ದು ಯಾವುದು?

ಹೆಡ್‌ಮಾಸ್ತರರು ಸುತ್ತ ನೋಡಿ ಹೇಳಿದರು: “ನೆಲದ ಮೇಲಿನ ಗುರುತು ಓದುವುದರಲ್ಲಿ ಈ ಜಿಲ್ಲೆಯಲ್ಲಿ ರೇಂಜರ್ ಸಾಹೇಬರನ್ನು ಮೀರಿದವರಿಲ್ಲ. ಅವರೇ ನೋಡಿ ಹೇಳಲಿ. ಅವರ ಮಾತೇ ಅಂತಿಮ.”

ವಕೀಲರ ಮುಖ ಬಾಡಿತು. ನಾನು ಒಳಗೊಳಗೇ ಕುಣಿದೆ. ಗೆಲುವು ನಮ್ಮ ಸಾಹೇಬರ ಬಾಯಲ್ಲೇ ಇತ್ತು.

ಸಾಹೇಬರು ಮೊಣಕಾಲೂರಿ ಕುಳಿತರು. ಬಿಳಿ ಚಡ್ಡಿಗೆ ಮಣ್ಣು ಹತ್ತಿದ್ದೂ ಅವರಿಗೆ ತಿಳಿಯಲಿಲ್ಲ. ಗೆರೆಯ ಮೇಲಿನ ಗುರುತಿಗೆ ಬೆರಳು ಸವರಿದರು. “ಇದು ಹಳೇದು. ಅಂಚು ಉದುರೈತಿ, ಇರುವಿ ಓಡ್ಯಾಡ್ಯಾವು,” ಅಂದರು. ಆಮೇಲೆ ಎಲೆಯ ಕಡೆ ಬಾಗಿದರು, ಮೂಗು ನೆಲಕ್ಕೆ ತಾಗುವಷ್ಟು. ಕಣ್ಣು ಹೊಳೆಯಿತು. ದನಿಯೇ ಬೇರೆಯಾಯಿತು, ಪಿಸುಮಾತು.

“ಸದ್ದು ಮಾಡಬ್ಯಾಡ್ರಿ. ಇದು ತಾಜಾ ಐತಿ. ಐದು ನಿಮಿಷನೂ ಆಗಿಲ್ಲ. ಆ ಕಡಿಂದ ಬಂದೈತಿ, ಭಾರ ಪೂರ್ತಿ ಮುಂದ ಬಿದ್ದೈತಿ. ಎಲಿ ತುಳದು ಬೇಲಿ ಕಡೆ ಹೋಗೈತಿ.” ಒಂದು ಕ್ಷಣ ತಡೆದು, “ಒಂಟಿ,” ಅಂದರು.

ಸಾಹೇಬರು ತಲೆ ಎತ್ತಿದರು. ನನ್ನ ಮುಖ ನೋಡಿದರು. ತಾವು ಎಲ್ಲಿದ್ದೇವೆ ಎಂಬುದು ಆಗ ಅವರಿಗೆ ನೆನಪಾಯಿತು.

“ಔಟ್,” ಅಂದರು ಹೆಡ್‌ಮಾಸ್ತರರು. “ಎರಡು ಹೇಳಿಕೆಗಳೂ ಸ್ಪಷ್ಟವಾಗಿದ್ದವು. ವ್ಯಾಕರಣದಲ್ಲಷ್ಟೇ ಕೆಲವು ದೋಷಗಳಿವೆ.”

ಆಮೇಲಿನ ಮೂರು ಪಾಯಿಂಟು ಹೇಗೆ ಹೋದವೋ ನನಗೆ ನೆನಪಿಲ್ಲ. ವಕೀಲರಿಗೆ ನಗು ತಡೆಯದೆ ಸರ್ವ್ ಮಾಡಲಾಗುತ್ತಿರಲಿಲ್ಲ. ಆದರೂ ನಾವೇ ಸೋತೆವು.

ದಾಂಡೇಲಿಗೆ ಜೀಪು ಹೊರಟಿತು. ಅರ್ಧ ದಾರಿಯಲ್ಲಿ ನಾನು ಕೇಳಿದೆ: “ಸಾಹೇಬ್ರ, ಸುಮ್ನ ‘ಗೊತ್ತಾಗವಲ್ದು’ ಅನ್ನಬಾರದಿತ್ತ?”

ಸಾಹೇಬರು ಕಿಟಕಿಯ ಹೊರಗೆ ಕಾಡು ನೋಡುತ್ತ ನಿಟ್ಟುಸಿರು ಬಿಟ್ಟರು.

“ಏನ್ ಮಾಡ್ಲಿ ಡಾಕ್ಟರಬಾಯಾರ, ಇಡೀ ಸರ್ವಿಸಿನ್ಯಾಗ ಹುಲಿ ಹೆಜ್ಜೀನೂ ನನಗ ಇಷ್ಟು ಚಂದ ಸಿಕ್ಕಿರಲಿಲ್ರಿ!”