ಶಸ್ತ್ರಾಗಾರದಲ್ಲಿ ಆಯುಧಪೂಜೆ

ಕನ್ನಡ ಸಂಘದ ಕಾರ್ಯದರ್ಶಿ ಆದವಳು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತೆ. ಸ್ಟುಟ್‌ಗಾರ್ಟ್ ಪಕ್ಕದ ನಮ್ಮೂರಲ್ಲಿ ಹಬ್ಬಕ್ಕೆ ಸಿಗೋದು ಒಂದೇ ಹಾಲ್: ರಾಜರ ಕಾಲದ ಶಸ್ತ್ರಾಗಾರ. ಅದನ್ನು ನೋಡಿಕೊಳ್ಳುವ ಹೌಸ್‌ಮೈಸ್ಟರ್ ಹತ್ತಿರ ಕೀಲಿಕೈ, ಕಾನೂನು, ಕೋಪ ಮೂರೂ ಇವೆ. ಅವರು ಮುನಿದರೆ ನಮ್ಮ ಹಬ್ಬವೆಲ್ಲ ಪಾರ್ಕಿಂಗ್ ಜಾಗದಲ್ಲೇ.

ಅರ್ಜಿ

ಕಾರ್ಯಕ್ರಮ ಏನು ಅನ್ನೋ ಕಡೆ ನಾನು ಸತ್ಯವಂತೆ, "ಆಯುಧಗಳ ಪೂಜೆ" ಅಂತ ಜರ್ಮನ್‌ನಲ್ಲಿ ಬರೆದೆ. ಹತ್ತೇ ನಿಮಿಷಕ್ಕೆ ಹೌಸ್‌ಮೈಸ್ಟರ್ ಫೋನು.

"ಯಾವ ಆಯುಧ ತರುತ್ತೀರಿ?"

"ಲ್ಯಾಪ್‌ಟಾಪು, ಒಂದು ಹೊಲಿಗೆ ಮಿಷನ್ನು, ನಮ್ಮತ್ತೆ ಕುಕ್ಕರು."

"ಕುಕ್ಕರ್ ಸಿಡಿಯುತ್ತದೆಯೇ?"

"ಇಲ್ಲಪ್ಪ, ಶಿಳ್ಳೆ ಹೊಡೆಯುತ್ತೆ ಅಷ್ಟೆ."

"ಸರಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಊರಿನ ವಿಶ್ರಾಂತಿ ಸಮಯ, ಶಿಳ್ಳೆ ಹೊಡೆಯುವಂತಿಲ್ಲ."

ರಜೆ

ಹಬ್ಬದ ದಿನ ಸಾಲಾಗಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಕುಂಕುಮ ಹಚ್ಚಿದ್ದನ್ನು ಹೌಸ್‌ಮೈಸ್ಟರ್ ಬಗ್ಗಿ ನೋಡಿದರು.

"ಇವತ್ತು ಇವನ್ನು ಯಾರೂ ಮುಟ್ಟಲ್ಲ. ವರ್ಷವಿಡೀ ದುಡಿದಿವೆಯಲ್ಲ, ರಜೆ" ಅಂದೆ.

"ಸಂಬಳಸಹಿತ ರಜೆಯೇ?"

"ಹೌದು. ಕಡ್ಲೆಪುರಿ ಇಟ್ಟಿದೀವಿ ನೋಡಿ."

ಫಿರಂಗಿ

ಮೂಲೆಯಲ್ಲಿ ಸುತ್ತ ಹಗ್ಗ ಕಟ್ಟಿ ನಿಲ್ಲಿಸಿದ ಹಳೇ ಫಿರಂಗಿಯೊಂದಿತ್ತು. ಮುಟ್ಟಬಾರದು ಅಂತ ಜರ್ಮನ್ ಬೋರ್ಡು. ಮೈಸೂರಿಂದ ಬಂದಿದ್ದ ನಮ್ಮತ್ತೆಗೆ ಜರ್ಮನ್ ಎಲ್ಲಿ ಬರಬೇಕು? "ಅಯ್ಯೋ, ನಿಜವಾದ ಆಯುಧ ಇದೊಂದೇ, ಇದಕ್ಕೇ ಪೂಜೆ ಇಲ್ವಲ್ಲೇ!" ಅಂದವರೇ ಹಗ್ಗ ದಾಟಿ ಅರಿಶಿನ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕೇಬಿಟ್ಟರು.

ಹೌಸ್‌ಮೈಸ್ಟರ್ ಮುಖ ಕುಂಕುಮಕ್ಕಿಂತ ಕೆಂಪಗಾಯಿತು. "ಮುಂದಿನ ವರ್ಷ ಹಾಲ್ ಕೊಡಬೇಕೋ ಬೇಡವೋ, ಕಾಗದ ಬರೆಯುತ್ತೇನೆ" ಅಂದರು.

ಅತ್ತೆ ಹೌಸ್‌ಮೈಸ್ಟರ್ ಮುಖ ನೋಡಿ ನನಗೇ ಬೈದರು. "ಪಾಪ ಕಣೇ, ಅವರ ಸಾಮಾನಿಗೆ ಯಾರೂ ಪೂಜೆ ಮಾಡಲಿಲ್ಲ ಅಂತ ಬೇಜಾರು ಮಾಡ್ಕೊಂಡಿದಾರೆ. ಅಷ್ಟೂ ತಿಳಿಯಲ್ವಾ?" ಸೀದಾ ಹೋಗಿ ಅವರ ನೆಲ ಒರೆಸುವ ಮಿಷನ್‌ಗೂ ಹೂವು ಮುಡಿಸಿ, ಆರತಿ ಎತ್ತಿ, ಅವರ ಕೈಗೆ ಒಂದು ಬಟ್ಟಲು ಸಿಹಿಪೊಂಗಲ್ ಕೊಟ್ಟರು. ಅವರು ಚಮಚ ಕೇಳಿದರು. ಬಟ್ಟಲು ಖಾಲಿ ಮಾಡಿದರು.

ವಾರ ಕಳೆದು ಕಾಗದ ಬಂತು. ಬಾಗಿಲಲ್ಲೇ ನಿಂತು ಒಡೆದೆ.

"ಒಂದು: ಫಿರಂಗಿಯನ್ನು ಮುಟ್ಟುವಂತಿಲ್ಲ. ಎರಡು: ಮುಂದಿನ ವರ್ಷವೂ ಹಾಲ್ ನಿಮಗೇ. ಮೂರು: ನಿಮ್ಮ ಅತ್ತೆಯವರು ಒಂದು ಗಂಟೆ ಮುಂಚಿತವಾಗಿ ಹಾಜರಿರತಕ್ಕದ್ದು. ಹುಲ್ಲು ಕತ್ತರಿಸುವ ಯಂತ್ರ, ಡ್ರಿಲ್, ಏಣಿ ಬಾಕಿ ಇವೆ. ನೆಲಮಾಳಿಗೆಯ ಬಾಯ್ಲರ್ ಮೂರು ಚಳಿಗಾಲದಿಂದ ಯಾರ ಮಾತೂ ಕೇಳುತ್ತಿಲ್ಲ. ಅದಕ್ಕೆ ಎರಡು ಸಲ ಪೂಜೆ ಮಾಡತಕ್ಕದ್ದು."