ನಮ್ಮತ್ತೆಗೆ ಬಾಯಾರುವುದಿಲ್ಲ

ನಮ್ಮೂರ ಕೊಬ್ಬರಿ ಶೆಡ್ಡಿನ ಮುಂದೆ ಶುದ್ಧ ನೀರಿನ ಘಟಕ ಬಂದದ್ದು ನನ್ನಿಂದ. ಅಲ್ಲಿ ಹೆಂಗಸರಿಗೊಂದು ಕಕ್ಕಸ್ಸು ಬಾರದೇ ಹೋದದ್ದೂ ನನ್ನಿಂದಲೇ. ಮೊದಲನೆಯದಕ್ಕೆ ನನಗೆ ಶಾಲು ಹೊದಿಸಿದರು. ಎರಡನೆಯದಕ್ಕೆ ಯಾರೂ ಒಂದು ಮಾತೂ ಬೈಯಲಿಲ್ಲ, ಅದೇ ಚುಚ್ಚುವುದು. ಸರಿ, ತಪ್ಪೊಪ್ಪಿಗೆ ಮುಗಿಯಿತು. ಈಗ ನಮ್ಮ ಸೋದರತ್ತೆಯ ವಿಷಯ: ಆಕೆಗೆ ಹಗಲು ಹೊತ್ತು ಬಾಯಾರುವುದೇ ಇಲ್ಲ!

ಹಾಗೆಂದು ನಾನು ಬಹಳ ವರ್ಷ ನಂಬಿದ್ದೆ.

ಒಣಗಿದ ತೆಂಗಿನಕಾಯಿಯ ಚಿಪ್ಪೊಡೆದು, ಒಳಗಿನ ಕೊಬ್ಬರಿಯನ್ನು ಮುಕ್ಕಾಗದಂತೆ ಇಡೀ ಉಂಡೆಯಾಗಿ ಬಿಡಿಸುವುದು ಅತ್ತೆಯ ಕಸುಬು. ಕಿಬ್ಬನಹಳ್ಳಿಯಿಂದ ತುರುವೇಕೆರೆಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ಶೆಡ್ಡು. ಹನ್ನೊಂದು ಹೆಂಗಸರು, ಅವರೆಲ್ಲರಿಗೂ ಅತ್ತೆಯೇ ಮೇಸ್ತ್ರಿ. ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಗಡಗಡ ಎಂದರೆ ಪಾಸು, ಇಲ್ಲದಿದ್ದರೆ ಒಣಗಲು ಮತ್ತೆ ಅಟ್ಟಕ್ಕೆ. ಈ ಚಾಳಿ ಕೈಗೆ ಎಷ್ಟು ಅಂಟಿದೆಯೆಂದರೆ ಏನು ಕೊಟ್ಟರೂ ಅಲ್ಲಾಡಿಸಿ ನೋಡುತ್ತಾಳೆ! ನನ್ನ ಹೊಸ ಮೊಬೈಲನ್ನು ಕಿವಿಗಿಟ್ಟು ಅಲ್ಲಾಡಿಸಿ, "ಒಳಗೇನೂ ಇಲ್ವಲ್ಲಾ," ಎಂದು ವಾಪಸು ಕೊಟ್ಟಳು. ಡಿಗ್ರಿ ಮುಗಿಸಿ ಕಾಲಿಗೆ ಬಿದ್ದಾಗ ನನ್ನ ತಲೆಯನ್ನೇ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ತೀರ್ಪು ಬಂತು: "ಇನ್ನೊಂದೊರ್ಸ ಅಟ್ಟದ್ ಮ್ಯಾಲಿರ್ಲಿ ಬುಡು!"

ಇಂಥವಳನ್ನು ಅನುಕರಿಸದೆ ಇರಲು ನಾನೇನು ಸನ್ಯಾಸಿಯೇ? ಬಸ್ ಕಂಡಕ್ಟರನ ಕೂಗಿನಿಂದ ನಮ್ಮಪ್ಪನ ಕೆಮ್ಮಿನವರೆಗೆ ಊರಿನ ಎಲ್ಲ ಗಂಟಲೂ ನನಗೆ ಬರುತ್ತವೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕು! ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದುದು ಅತ್ತೆ ಎಳನೀರು ಬೇಡವೆನ್ನುವ ದೃಶ್ಯವನ್ನು. ಬುರುಡೆಯ ಬಾಯಿಗೆ ಅಂಗೈ ಅಡ್ಡ, ಮುಖ ಅತ್ತ ಕಡೆ: "ಬ್ಯಾಡ ಕಣವ್ವ, ಸಂಜೀಕೆ ಕುಡೀತೀನಿ, ಬ್ಯಾಡ ಅಂದ್ನಲ್ಲ!" ಎಳನೀರಿಗೆ ಬೆನ್ನು ತಿರುಗಿಸುವ ಹೆಂಗಸು ಈ ತೆಂಗಿನ ಸೀಮೆಯಲ್ಲಿ ಇನ್ನೊಬ್ಬಳಿದ್ದಾಳೆಯೇ?

ಇದ್ದರು. ಅದೇ ಶೆಡ್ಡಿನಲ್ಲಿ ಹನ್ನೊಂದು ಜನ. ನಾನು ಗಮನಿಸಿರಲಿಲ್ಲ.

ಹೋದ ವರ್ಷ ದೊಡ್ಡ ಕಂಪನಿಯೊಂದು ನಮ್ಮೂರಿಗೆ ಏನಾದರೂ ಒಳ್ಳೆಯದು ಮಾಡಲೇಬೇಕೆಂದು ಹಟ ತೊಟ್ಟಿತು. ಏನು ಬೇಕೆಂದು ಊರವರೇ ಹೇಳಬೇಕಂತೆ. ಅದಕ್ಕೊಂದು 'ಪಾಲುದಾರರ ಸಭೆ'. ಯಾವುದರಲ್ಲಿ ಪಾಲು ಎಂದು ಯಾರೂ ಕೇಳಲಿಲ್ಲ; ಉಪ್ಪಿಟ್ಟಿನಲ್ಲಂತೂ ಎಲ್ಲರಿಗೂ ಸಿಕ್ಕಿತು.

ಹಿಂದಿನ ದಿನ ಅತ್ತೆ ನನ್ನನ್ನು ಪಕ್ಕಕ್ಕೆ ಎಳೆದಳು.

"ಲೇ, ನಾಳೆ ನಮ್ ಪರವಾಗಿ ನೀನು ಹೇಳ್ಲಾ. ಸುತ್ತ ತ್ವಾಟಕ್ಕೆಲ್ಲ ತಂತಿ ಬೇಲಿ ಹಾಕವ್ರೆ, ಮುಂದೆ ರೋಡು. ಹೆಂಗಸ್ರು ಎಲ್ಲಿಗ್ ಹೋಗ್ಬೇಕು? ಅದಕ್ಕೇ ಬೆಳಗ್ಗಿಂದ ಗಂಟ್ಲು ಒಣಗಿಸ್ಕಂಡು ಕೂತಿರ್ತೀವಿ. ಒಂದು ಕಕ್ಕಸ್ಸು ಕಟ್ಟಿಸ್ಕೊಡಿ ಅನ್ನು. ಗಂಡಸ್ರ ಮುಂದೆ ನಮ್ಗೆ ಬಾಯಿ ಬರಕಿಲ್ಲ ಕಣಪ್ಪ."

"ನಂಗ್ ಬುಡತ್ತೆ!" ಎಂದು ಎದೆ ತಟ್ಟಿಕೊಂಡೆ.

ನನ್ನ ಲೆಕ್ಕಾಚಾರ ಚೆನ್ನಾಗಿಯೇ ಇತ್ತು: ಮೊದಲು ನಗಿಸುವುದು, ಆಮೇಲೆ ವಿಷಯಕ್ಕೆ ಬರುವುದು. ಅತ್ತೆಯ ಅಂಗೈ, ಅತ್ತೆಯ ಮುಖ, ಅತ್ತೆಯ "ಬ್ಯಾಡ ಕಣವ್ವ". ಕಂಪನಿಯ ಸಾಹೇಬರು ಕಣ್ಣೊರೆಸಿಕೊಂಡು ನಕ್ಕರು! "ಇನ್ನೊಂದ್ಸಲ ಮಾಡ್ರೀ!" ಎಂದರು. ಮಾಡಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ಕಲಾವಿದ ಏನು ಮಾಡುತ್ತಾನೆ? ಕೈಮುಗಿದು ಕೂತೆ. ಉಪ್ಪಿಟ್ಟು ಬಂತು. ಕಕ್ಕಸ್ಸಿನ ಮಾತು ಉಪ್ಪಿಟ್ಟಿನ ಜೊತೆ ಹೊಟ್ಟೆಗೆ ಹೋಯಿತು. ಕೊನೆಯ ಸಾಲಿನಲ್ಲಿ ಅತ್ತೆ ಇನ್ನೂ ನನ್ನತ್ತಲೇ ನೋಡುತ್ತ ಕಾಯುತ್ತಿದ್ದಳು.

ಹೊರಡುವಾಗ ಸಾಹೇಬರು ಬರೆದುಕೊಂಡದ್ದು ಕಣ್ಣಿಗೆ ಬಿತ್ತು: 'ಮಹಿಳೆಯರು ದಿನವಿಡೀ ನೀರು ಕುಡಿಯುತ್ತಿಲ್ಲ. ತುರ್ತು ಬೇಡಿಕೆ: ಶುದ್ಧ ನೀರು.' ಆಗಲಾದರೂ ಬಾಯಿ ಬಿಡಬಹುದಿತ್ತು. ಆದರೆ ಆ ಪುಣ್ಯಾತ್ಮ ನನ್ನ ಹೆಗಲು ತಟ್ಟಿ, "ನೀವು ಭಾರೀ ಕಲಾವಿದರು ಕಣ್ರೀ," ಎಂದುಬಿಟ್ಟರು. ಹೊಗಳುತ್ತಿರುವವರನ್ನು ತಿದ್ದುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಘಟಕದ ಉದ್ಘಾಟನೆಯ ದಿನ ಮೊದಲ ಲೋಟ ಅತ್ತೆಯ ಕೈಗೇ ಕೊಟ್ಟರು. ಕ್ಯಾಮೆರಾ ಸಜ್ಜಾಗಿತ್ತು. ಅತ್ತೆ ಲೋಟ ನೋಡಿದಳು, ಶಾಲು ಹೊದ್ದು ನಿಂತ ನನ್ನನ್ನು ನೋಡಿದಳು, ಗಟಗಟ ಕುಡಿದಳು. "ಫೋಟೋ ಅಲ್ಲಾಡ್ತು, ಇನ್ನೊಂದ್ ಲೋಟ ಅಮ್ಮಾ!" ಎಂದ ಫೋಟೋದವನು. ಅದನ್ನೂ ಕುಡಿದಳು.

ಅರ್ಧ ಗಂಟೆಯಲ್ಲಿ ಕೆಲಸ ಬಿಟ್ಟು ಎದ್ದಳು. ಮನೆ ಎರಡು ಮೈಲಿ. ಸುಡುವ ಬಿಸಿಲಲ್ಲಿ ದಾಪುಗಾಲು ಹಾಕಿ ಹೊರಟವಳ ಹಿಂದೆ ನಾನು ಬೈಕು ಓಡಿಸಿ, ಹತ್ತಿಸಿಕೊಂಡೆ.

"ದಿನಾ ಬ್ಯಾಡ ಅಂತೀಯಲ್ಲತ್ತೆ, ಇವತ್ತೂ ಅನ್ನಬಾರದಾಗಿತ್ತಾ?"

"ಅಷ್ಟು ಜನದ್ ಮುಂದೆ ಬ್ಯಾಡ ಅಂದಿದ್ರೆ ನಿನ್ ಮರ್ವಾದೆ ಏನಾಗ್ತಿತ್ಲಾ?"

ಆಮೇಲೆ ಮನೆಯವರೆಗೂ ನನಗೆ ಯಾರ ದನಿಯೂ ಬರಲಿಲ್ಲ. ನಮ್ಮೂರಿನ ಬೇಡಿಕೆ ಈಡೇರಿತು, ಇನ್ನು ಪಕ್ಕದೂರು ಎಂದು ಸಾಹೇಬರು ಆಗಲೇ ಹೇಳಿ ಹೋಗಿದ್ದರು. ಆದರೂ ಅತ್ತೆ ಬಾಗಿಲು ದಾಟುವ ಮುನ್ನ ಅಂದೆ, "ಇನ್ನೊಂದ್ಸಲ ಅವರತ್ರ ಹೋಗ್ತೀನಿ ಅತ್ತೆ. ಈ ಸಲ ನೀನ್ ಹೇಳಿದಂಗೇ ಹೇಳ್ತೀನಿ."

ಅವಳು ತಿರುಗಿ ನಿಂತು ಒಂದೇ ಮಾತಂದಳು:

"ಅವತ್ತೂ ನನ್ನಂಗೇ ಹೇಳ್ದ್ಯಲ್ಲ ಕಣಪ್ಪ, ನನ್ ದನಿ ತಗಂಡೋದೆ, ನಾ ಹೇಳಿದ್ ಮಾತ್ನ ಇಲ್ಲೇ ಬುಟ್ಟೋದೆ."